ಕ್ಯಾಂಪಿನಲ್ಲಿ ಮುನಿರತ್ನಮ್ಮನವರ ದನಿ

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮುನಿರತ್ನಮ್ಮನವರ ಮನೆ ಯಾವುದು ಎಂದು ಕೇಳಿದರೆ ಯಾರೂ ಕೈ ತೋರಿಸುವುದಿಲ್ಲ. ‘ಒಂದ್ಗಳಿಗೆ ಇಲ್ಲೇ ನಿಂತಿರಿ, ಅವ್ರೇ ಮಾತಾಡ್ತಾರೆ, ಗೊತ್ತಾಗುತ್ತೆ’ ಎನ್ನುತ್ತಾರೆ. ಹಾಗೆಂದು ಅವರೇನು ಜಗಳಗಂಟಿಯಲ್ಲ. ದೊಡ್ಡಬೆಳವಂಗಲದಿಂದ ಸೊಸೆಯಾಗಿ ಬಂದಾಗ ಅವರದು ಪಕ್ಕದವರಿಗೂ ಕೇಳದಂಥ ದನಿ. ಗಂಡನ ಮನೆಯ ನಡುಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳು ಬೆಳಗಿನಿಂದ ಸಂಜೆಯವರೆಗೆ ಬಡಿದುಕೊಳ್ಳುತ್ತಿದ್ದವು. ಆ ಸದ್ದಿನ ನಡುವೆ ಮಾತು ಕೇಳಿಸಬೇಕೆಂದರೆ ದನಿ ಏರಿಸಲೇಬೇಕು. ಏರಿದ ದನಿ ಮತ್ತೆ ಇಳಿಯಲಿಲ್ಲ. ಕರೆಂಟು ಹೋಗಿ ಮಗ್ಗಗಳು ಗಪ್ಪೆಂದು ನಿಂತಾಗಲೂ ಅವರು ಅದೇ ದನಿಯಲ್ಲಿ ‘ಕರೆಂಟು ಹೋಯ್ತು ಕಣ್ರೀ’ ಎನ್ನುವರು. ಗಂಡ ಆದಿನಾರಾಯಣಪ್ಪನವರಿಗೆ ಕಿವಿ ಅರ್ಧ ಮಂದ. ಆದ್ದರಿಂದ ಮನೆಯಲ್ಲಿ ಅದೊಂದು ತೊಂದರೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು, ಕೀರ್ತನ. ಹೋದ ವರ್ಷ ಅವಳ ಮದುವೆ ಗೊತ್ತಾಗಿ, ಹೂವು ಮುಡಿಸುವ ಶಾಸ್ತ್ರವೂ ಆಗಿ, ಆಮೇಲೆ ಹುಡುಗನ ಕಡೆಯವರು ಸರಿಯಾದ ಕಾರಣವನ್ನೂ ಹೇಳದೆ ಹಿಂದೆ ಸರಿದರು. ಕೀರ್ತನ ಅಳಲಿಲ್ಲ. ತಿಂಗಳು ತುಂಬುವುದರೊಳಗೆ ನಾಗರಹೊಳೆ ಕಾಡಿನ ಒಳಗಿರುವ ಒಂದು ಟೆಂಟು ಕ್ಯಾಂಪಿನಲ್ಲಿ, ಬಂದವರಿಗೆ ಕಾಡು ತೋರಿಸುವ ಕೆಲಸ ಹಿಡಿದು ಹೊರಟೇಬಿಟ್ಟಳು. ಅಂದಿನಿಂದ ಮುನಿರತ್ನಮ್ಮನವರ ಎದೆಯಲ್ಲಿ ಒಂದೇ ಪ್ರಶ್ನೆ ಕೂತಿತ್ತು. ಮಗಳು ಅಲ್ಲಿ ಇಷ್ಟಪಟ್ಟು ಇದ್ದಾಳೋ, ಇಲ್ಲ ಊರವರ ಕಣ್ಣು ತಪ್ಪಿಸಿಕೊಂಡು ಅಡಗಿದ್ದಾಳೋ? ಫೋನಿನಲ್ಲಿ ಕೇಳೋಣವೆಂದರೆ ಕಾಡಿನಲ್ಲಿ ಸಿಗ್ನಲ್ ಸಿಗುವುದೇ ಅಪರೂಪ. ಸಿಕ್ಕಾಗ ಈ ಕಡೆ ಮಗ್ಗ, ಆ ಕಡೆ ಅವಳ ಜೊತೆಯವರು.

ಕ್ಯಾಂಪಿನಲ್ಲಿ ಕೆಲಸ ಮಾಡುವವರ ತಂದೆತಾಯಿ ಬಂದು ಎರಡು ರಾತ್ರಿ ಉಳಿಯಬಹುದು ಎಂದು ಕೀರ್ತನ ಹೇಳಿದಾಗ ಮುನಿರತ್ನಮ್ಮ ಆ ಪ್ರಶ್ನೆಯೊಂದನ್ನು ಕೇಳಿ ಬರಲೆಂದೇ ಹೊರಟರು. ‘ಕೆಂಪು, ಹಳದಿ ಉಡಬೇಡಮ್ಮ, ಮಣ್ಣಿನ ಬಣ್ಣದ್ದು ಏನಾದ್ರೂ ತಗೊಂಡು ಬಾ’ ಎಂದಿದ್ದಳು ಮಗಳು. ಸೀರೆ ನೇಯುವ ಮನೆಯಲ್ಲಿ ಮಣ್ಣಿನ ಬಣ್ಣದ ಸೀರೆ ಒಂದೂ ಇರಲಿಲ್ಲ. ಪಕ್ಕದ ಮನೆಯ ಮಹಮೂದಾ ತನ್ನ ಕಂದು ಶಾಲು ಕೊಟ್ಟು, ‘ಹೊದ್ಕೊಳ್ಳಿ ಅಕ್ಕಾ, ಆನೆಗೆ ನೀವು ಕಾಣಲ್ಲ. ಕೇಳಿಸ್ತೀರಾ ಅಷ್ಟೇ’ ಎಂದು ನಕ್ಕಳು.

ಅವಳು ಹೇಳಿದ್ದು ಮೊದಲ ದಿನವೇ ನಿಜವಾಯಿತು. ಮಧ್ಯಾಹ್ನ ಟೆಂಟುಗಳ ಮುಂದಿನ ಮರದಡಿ ಎಲ್ಲರೂ ಊಟಕ್ಕೆ ಕುಳಿತಿದ್ದರು. ಎದುರಿನ ಹುಲ್ಲಿನಲ್ಲಿ ಜಿಂಕೆಗಳ ಹಿಂಡು ಮೇಯುತ್ತಿತ್ತು. ಬೆಂಗಳೂರಿನಿಂದ ಬಂದ ಒಂದು ಸಂಸಾರ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಮುನಿರತ್ನಮ್ಮ ತಮ್ಮ ಮಟ್ಟಿಗೆ ಮೆತ್ತಗೇ, ‘ರೀ, ಉಪ್ಪು ಈ ಕಡೆ ಕೊಡಿ’ ಎಂದರು. ಹಿಂಡೆಲ್ಲ ಒಂದೇ ನೆಗೆತಕ್ಕೆ ಪೊದೆಯೊಳಗೆ ಮಾಯವಾಯಿತು.

ಕ್ಯಾಂಪಿನ ಮೇಲ್ವಿಚಾರಕ ಬೈರೇಶ್ ಹತ್ತಿರ ಬಂದು ಬಗ್ಗಿ ಹೇಳಿದ. ‘ಅಮ್ಮಾ, ತಪ್ಪು ತಿಳ್ಕೋಬೇಡಿ. ಇಲ್ಲಿ ಒಂಚೂರು ಮೆತ್ತಗೆ ಮಾತಾಡ್ಬೇಕು.’

‘ಮೆತ್ತಗೇ ಅಂದಿದ್ದು ಕಣಪ್ಪ.’ ಇದೂ ಕಾಡಿಗೆಲ್ಲ ಕೇಳಿಸಿತು. ಕೀರ್ತನ ತಲೆ ತಗ್ಗಿಸಿಕೊಂಡು ಅನ್ನ ಕಲಸುತ್ತಿದ್ದಳು. ಆ ತಗ್ಗಿದ ತಲೆ ಕಂಡು ತಾಯಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಊಟವಾದ ಮೇಲೆ ಮಗಳು ಹಾಸಿಗೆ ಸರಿಮಾಡಲು ಟೆಂಟಿಗೆ ಬಂದಳು. ಇದೇ ಸಮಯ ಎಂದುಕೊಂಡು ಮುನಿರತ್ನಮ್ಮ ಅವಳ ಕೈ ಹಿಡಿದು, ಉಸಿರು ಒಳಗೆಳೆದು, ಪಿಸುಗುಟ್ಟಲು ನೋಡಿದರು. ‘ಕೀರ್ತೂ, ಆ ಹುಡುಗನ ವಿಷಯ...’ ಪಿಸುಮಾತು ಗಂಟಲಲ್ಲೇ ಒಡೆದು ದನಿಯಾಗಿ ಹೊರಬಿತ್ತು. ಬಟ್ಟೆಯ ಗೋಡೆಯ ಆಚೆ ಪಕ್ಕದ ಟೆಂಟಿನವರು ಮಾತು ನಿಲ್ಲಿಸಿದ್ದು ತಿಳಿಯಿತು.

‘ಅಮ್ಮ, ಆಮೇಲೆ’ ಎಂದಳು ಕೀರ್ತನ. ಮುಖ ಕೆಂಪಾಗಿತ್ತು.

‘ಏನಂತೆ?’ ಎಂದರು ಮಂಚದ ಮೇಲಿದ್ದ ಆದಿನಾರಾಯಣಪ್ಪ.

‘ಏನಿಲ್ಲ, ಮಲಗಿ.’

ಅಂದು ಸಂಜೆಯವರೆಗೂ ಮುನಿರತ್ನಮ್ಮ ಬಾಯಿ ಬಿಡಲಿಲ್ಲ. ಕೊನೆಗೆ ದೀಪ ಹಚ್ಚುವ ಹೊತ್ತಿಗೆ, ‘ನಾಳೆ ಕಾಡು ನೋಡೋ ಜೀಪಿಗೆ ನಿಮ್ಮಪ್ಪನ್ನ ಕರ್ಕೊಂಡೋಗು. ನಾನು ಬರಲ್ಲ. ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಟ್ಬಿಡ್ತೀವಿ’ ಎಂದರು. ಬೆಳಿಗ್ಗೆ ಕೀರ್ತನ ಬಂದು ಶಾಲನ್ನು ಅಮ್ಮನ ಹೆಗಲಿಗೆ ತಾನೇ ಹೊದಿಸಿ, ಕೈಹಿಡಿದು ನಡೆಸಿಕೊಂಡು ಹೋಗಿ ಜೀಪಿನಲ್ಲಿ ಕೂರಿಸಿದಳು. ಮುನಿರತ್ನಮ್ಮ ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡೇ ಕೂತರು.

ಬೈರೇಶ್ ಜೀಪು ಓಡಿಸುತ್ತಿದ್ದ. ಕೀರ್ತನ ಅವನ ಪಕ್ಕದಲ್ಲಿ ಕುಳಿತು, ಆಗಾಗ ಹಿಂದಕ್ಕೆ ತಿರುಗಿ ಅಪ್ಪ ಅಮ್ಮನನ್ನೂ ಬೆಂಗಳೂರಿನ ಸಂಸಾರವನ್ನೂ ನೋಡುತ್ತಿದ್ದಳು. ಒಂದು ತಿರುವಿನಲ್ಲಿ ಬೈರೇಶ್ ಎಂಜಿನ್ ಆರಿಸಿದ. ಬಿದಿರಿನ ಮೆಳೆಯಿಂದ ಆನೆಗಳು ದಾರಿಗೆ ಇಳಿಯುತ್ತಿದ್ದವು. ನಡುವೆ ಒಂದು ಮರಿ. ಕೀರ್ತನ ತುಟಿಯ ಮೇಲೆ ಬೆರಳಿಟ್ಟಳು. ಯಾರೂ ಅಲುಗಾಡಲಿಲ್ಲ.

ಆಗ ಆದಿನಾರಾಯಣಪ್ಪ ಹೆಂಡತಿಯ ಮೊಣಕೈ ಮುಟ್ಟಿ, ದನಿಯಿಲ್ಲದೆ ಬರೀ ತುಟಿಯಲ್ಲಿ, ‘ಮರಿ ನೋಡೇ, ಅಮ್ಮನ ಕಾಲೊಳಗೇ ನಡೀತದೆ’ ಎಂದರು. ಮುನಿರತ್ನಮ್ಮ ಶಾಲು ಇಳಿಸಿ, ಹಾಗೆಯೇ ತುಟಿಯಲ್ಲಿ, ‘ಬಾಲ ನೋಡಿ, ದಾರದಂಗೈತೆ’ ಎಂದರು. ಹೇಳಿದ ಮೇಲೆ ತಾವೇ ಬೆರಗಾದರು. ಪಕ್ಕದಲ್ಲಿದ್ದರೆ ಕೂಗಬಹುದು, ಆದರೆ ಒಬ್ಬರು ಈ ಕೊನೆಯ ಮಗ್ಗದ ಮುಂದೆ, ಇನ್ನೊಬ್ಬರು ಆ ಕೊನೆಯಲ್ಲಿ ಇದ್ದಾಗ ಮಗ್ಗದ ಮನೆಯವರೆಲ್ಲ ಆಡುವುದು ಹೀಗೆಯೇ. ತುಟಿಯನ್ನು ಅಗಲಿಸಿ, ಹುಬ್ಬು ಎತ್ತಿ, ಕೈಯನ್ನು ಒಂದಿಷ್ಟು ಆಡಿಸಿ. ಮದುವೆ ಮಾತು, ಸಾರಿಗೆ ಬೇಳೆ ಇಲ್ಲದ ಮಾತು, ಎಲ್ಲವನ್ನೂ ಅವರು ಹಾಗೆ ಆಡಿದ್ದಾರೆ. ಆದರೆ ಮಗ್ಗ ಓಡದಿರುವ ಕಡೆಯೂ ಹಾಗೆ ಮಾತಾಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಕೀರ್ತನ ಹಿಂದಕ್ಕೆ ತಿರುಗಿದ್ದಳು. ಅಪ್ಪ ಅಮ್ಮನ ತುಟಿಗಳನ್ನೇ ನೋಡುತ್ತಿದ್ದಳು. ಆ ಮಗ್ಗಗಳ ನಡುವೆಯೇ ತೊಟ್ಟಿಲಲ್ಲಿ ಬೆಳೆದವಳು ಅವಳು. ಅವಳ ತುಟಿಯೂ ಆಡಿತು: ‘ಇನ್ನೂ ಎರಡು ಹಿಂದೆ ಬರ್ತವೆ, ಹಂಗೇ ಇರಿ.’

ಮುನಿರತ್ನಮ್ಮ ಮಗಳ ಕಣ್ಣಿನಲ್ಲಿ ಕಣ್ಣಿಟ್ಟು, ತುಟಿಯಲ್ಲೇ ಕೇಳಿದರು. ‘ಕೀರ್ತೂ, ಇಲ್ಲಿ ಇಷ್ಟಪಟ್ಟು ಇದೀಯಾ? ಇಲ್ಲ, ಅವರು ಹಂಗೆ ಮಾಡಿದ್ರು ಅಂತ ಬಂದು ಕೂತಿದೀಯಾ?’

ಕೀರ್ತನ ದಾರಿಯ ಕಡೆ ನೋಡಿದಳು. ಹಿಂದೆ ಉಳಿದಿದ್ದ ಆನೆಯೊಂದು ದಾರಿಯ ನಡುವೆ ನಿಂತು ಮಣ್ಣು ಎರಚಿಕೊಳ್ಳುತ್ತಿತ್ತು. ಅದು ಸರಿಯುವ ತನಕ ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ.

‘ಬಂದಿದ್ದು ಓಡಿಬಂದೇ ಅಮ್ಮ’ ಎಂದಳು ತುಟಿಯಲ್ಲೇ. ‘ಮೊದ್ಲು ಮೊದ್ಲು ದಿನಾ ಅತ್ತಿದೀನಿ. ಈಗಿಲ್ಲ. ಈಗ ನೀನು ಕರೆದ್ರೂ ಬರಲ್ಲ.’

‘ಸುಳ್ಳಲ್ಲ ತಾನೆ?’

‘ನಿನ್ನಾಣೆ.’

‘ಊಟ ನೆಟ್ಟಗೆ ಮಾಡ್ತೀಯಾ?’

‘ಅದೊಂದೇ ಕಷ್ಟ. ಇಲ್ಲಿ ಮುದ್ದೆ ಕಟ್ಟೋಕೆ ಯಾರಿಗೂ ಬರಲ್ಲ.’

ಮುನಿರತ್ನಮ್ಮನವರಿಗೆ ನಗುವೂ ಅಳುವೂ ಒಟ್ಟಿಗೆ ಬಂದು ಭುಜ ಕುಲುಕಿತು. ಬೆಂಗಳೂರಿನ ಸಂಸಾರದ ಹೆಂಗಸು ಅದನ್ನು ಕಂಡು, ಅವರು ಹೆದರಿ ದೇವರ ನಾಮ ಹೇಳಿಕೊಳ್ಳುತ್ತಿದ್ದಾರೆಂದುಕೊಂಡು, ಧೈರ್ಯಕ್ಕೆ ಅವರ ಬೆನ್ನ ಮೇಲೆ ಕೈಯಿಟ್ಟಳು. ಆದಿನಾರಾಯಣಪ್ಪ ಮಾತ್ರ ಎಲ್ಲವನ್ನೂ ಓದಿಕೊಂಡಿದ್ದರು. ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತಾ ಕೂತರು.

ಆನೆಗಳು ಇಳಿಜಾರಿನಲ್ಲಿ ಮರೆಯಾದವು. ಬೈರೇಶ್ ಎಂಜಿನ್ ಶುರುಮಾಡಿ, ಹಿಂದೆ ನೋಡಿ ಕೇಳಿದ. ‘ಅಮ್ಮಾ, ಚೆನ್ನಾಗಿ ನೋಡಿದ್ರಾ? ಎಲ್ಲರಿಗೂ ಇಂಥಾ ಹಿಂಡು ಸಿಗಲ್ಲ.’

‘ಎಲ್ಲಿ ನೋಡ್ದೆ ಕಣಪ್ಪ, ಮರಿಯ ಬಾಲ ಒಂದು ಕಂಡೆ ಅಷ್ಟೇ’ ಎಂದರು ಮುನಿರತ್ನಮ್ಮ. ಅದು ಅವರ ಎಂದಿನ ದನಿಯೇ. ದಾರಿಯ ಪಕ್ಕದ ಮರದಿಂದ ನಾಲ್ಕು ಹಕ್ಕಿ ಹಾರಿದವು. ‘ಇವತ್ತು ಊರಿಗೆ ಹೋಗಲ್ಲ. ನಾಳೆ ಬೆಳಿಗ್ಗೆ ಇನ್ನೊಂದ್ಸಲ ಕರ್ಕೊಂಡ್ಬಾ. ನಾಳೆ ಆನೆ ನೋಡ್ತೀನಿ.’

ಬೈರೇಶ್ ಕೀರ್ತನಳ ಕಡೆ ನೋಡಿದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಗುತ್ತಿದ್ದಳು. ಮೆತ್ತಗೆ ಮಾತಾಡಿ ಅಮ್ಮಾ ಎಂದು ಬೈರೇಶನೂ ಈ ಸಲ ಹೇಳಲಿಲ್ಲ.