ಜೋಲಾರ್‌ಪೇಟೆಯ ಸಿಗ್ನಲ್

"ಸಿಗ್ನಲ್ ಇಲ್ಲ" ಎನ್ನುವವರನ್ನು ನಾನು ನಂಬುವುದಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಬೇಡದ ಕಾಗದಗಳೆಲ್ಲ ಅಂಚೆಯಲ್ಲಿ ಕಳೆದುಹೋಗುತ್ತಿದ್ದವು. ಟ್ರಂಕ್ ಕಾಲಿನ ಕಾಲಕ್ಕೆ ಲೈನು ಸಿಗದೆ ಹೋಗುವ ಸಂಪ್ರದಾಯ ಬಂತು. ಈಗ ಅವೆರಡರ ಸಾರವನ್ನೂ ಭಟ್ಟಿಯಿಳಿಸಿದ ಈ ಮಹಾವಾಕ್ಯ ಎಲ್ಲರ ನಾಲಿಗೆಯ ತುದಿಯಲ್ಲಿದೆ. ವಿಮಾ ಕಚೇರಿಯಲ್ಲಿ ನನ್ನ ಕೈಕೆಳಗೆ ಕೆಲಸ ಮಾಡುವ ಮಹನೀಯರೊಬ್ಬರಿಗೆ ಸೋಮವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಮಾತ್ರ ಸಿಗ್ನಲ್ ಇರುವುದಿಲ್ಲ. ಮಿಕ್ಕಂತೆ ಅವರ ಫೋನು ಚೆನ್ನಾಗಿದೆ.

ಹಾಗೆಂದು ಸಿಗ್ನಲ್ ನಿಜವಾಗಿಯೇ ಇಲ್ಲದ ಸ್ಥಳಗಳು ಭೂಮಿಯ ಮೇಲಿಲ್ಲ ಎಂದು ನನ್ನ ವಾದವಲ್ಲ. ವೇಲಚೇರಿಯ ನಮ್ಮ ಮನೆಯೇ ಒಂದಿದೆ. ಮಳೆ ಹೊಯ್ದರೆ ಚೆನ್ನೈನ ನೀರೆಲ್ಲ ದಾರಿ ಕೇಳಿಕೊಂಡು ನಮ್ಮ ಕಟ್ಟಡದ ಬುಡಕ್ಕೆ ಬರುತ್ತದೆ. ಸಿಗ್ನಲ್ಲಿಗೆ ಮಾತ್ರ ನಮ್ಮ ವಿಳಾಸ ಗೊತ್ತಿಲ್ಲ. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ, ಕರಿಬೇವಿನ ಕುಂಡದ ಪಕ್ಕದಲ್ಲಿ, ತಲೆಯನ್ನು ಸ್ವಲ್ಪ ಹೊರಗೆ ಹಾಕಿದರೆ ಮಾತು ಕೇಳಿಸುತ್ತದೆ. ನನ್ನ ಹೆಂಡತಿ ಶಾರದೆ ತವರಿನ ಸುದ್ದಿಯನ್ನೆಲ್ಲ ಆ ಭಂಗಿಯಲ್ಲೇ ಕೇಳಿಸಿಕೊಳ್ಳುವುದರಿಂದ, ಕೋಲಾರದಲ್ಲಿ ಯಾರು ಹುಟ್ಟಿದರು ಯಾರು ಹೋದರು ಎಂಬುದು ನನಗಿಂತ ಮೊದಲು ಎದುರು ಮನೆಯವರಿಗೆ ಗೊತ್ತಾಗುತ್ತದೆ.

ಓದುಗರಿಗೆ ನನ್ನ ಸ್ವಭಾವದ ಬಗ್ಗೆ ಈಗಲೇ ತಿಳಿಸಿಬಿಡುವುದು ಒಳ್ಳೆಯದು. ನಾನೊಬ್ಬ ಆತಂಕವಾದಿ. ಪೊಲೀಸರು ಹುಡುಕುವ ಜಾತಿಯವನಲ್ಲ. ಅದ್ವೈತವಾದಿ ಅದ್ವೈತವನ್ನು ನೆಚ್ಚಿಕೊಂಡಂತೆ ಆತಂಕವನ್ನೇ ನೆಚ್ಚಿಕೊಂಡು ಬದುಕಿದವನು. ರೈಲಿಗೆ ಎರಡು ಗಂಟೆ ಮೊದಲೇ ಹೋಗಿ ಕೂರುತ್ತೇನೆ. ಬೀಗ ಹಾಕಿದ ಮೇಲೆ ಅದನ್ನು ಜಗ್ಗಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಜಗ್ಗುತ್ತೇನೆ. ಇಂಥವನಿಗೆ ಹೋದ ವರ್ಷ ನಿಜವಾದ ಕಾರಣವೊಂದು ಸಿಕ್ಕಿತು.

ಶಾರದೆಯ ಬಲಗಡೆಯ ಎದೆಯಲ್ಲಿ ಒಂದು ಗಂಟು. ಪೋರೂರಿನ ಆಸ್ಪತ್ರೆಯ ಡಾಕ್ಟರಮ್ಮ ಅದರಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವುದು ಶನಿವಾರ ಹತ್ತು ಗಂಟೆಯ ಮೇಲೆ. ಆದರೆ ಅದೇ ಭಾನುವಾರ ಕೋಲಾರದಲ್ಲಿ ಶಾರದೆಯ ತಂಗಿ ವನಜಳ ಮಗಳ ಮದುವೆ. ಶನಿವಾರ ಬೆಳಿಗ್ಗೆ ನಾವು ರೈಲು ಹತ್ತಲೇಬೇಕು. ವನಜಳ ಗಂಡ, ಮಗಳು ಆರು ವರ್ಷದವಳಿದ್ದಾಗಲೇ ತೀರಿಕೊಂಡ. ನಮ್ಮಲ್ಲಿ ಧಾರೆಗೆ ದಂಪತಿಯೇ ಕೂರಬೇಕು, ಒಂಟಿ ತಾಯಿ ಕೂರುವಂತಿಲ್ಲ. ಆ ಪದ್ಧತಿ ನ್ಯಾಯವೋ ಅನ್ಯಾಯವೋ ಎಂದು ಚರ್ಚಿಸುವಷ್ಟು ಪುರುಸೊತ್ತು ಆಗ ಯಾರಿಗೂ ಇರಲಿಲ್ಲ. ಧಾರೆ ಎರೆದುಕೊಡುವವರು ನಾವಿಬ್ಬರು. ಡಾಕ್ಟರಮ್ಮ ಶಾರದೆಯ ಮುಖ ನೋಡಿ, "ಕವಲೆಪಡಾದೀಂಗಮ್ಮಾ, ನಾನೇ ಮೇಲ್ ಅನುಪ್ಪರೇನ್," ಅಂದರು. ಚಿಂತೆ ಬೇಡ, ವರದಿಯನ್ನು ಇ-ಮೇಲಿನಲ್ಲಿ ಕಳಿಸುತ್ತೇನೆ ಎಂದರ್ಥ. ಕೆಟ್ಟದ್ದೇನಾದರೂ ಇದ್ದರೆ ಮದುವೆ ಮುಗಿದ ಕೂಡಲೇ ಬಂದು ಆಸ್ಪತ್ರೆಗೆ ಸೇರಬೇಕು, ತಡಮಾಡಬಾರದು ಎಂದೂ ಹೇಳಿದರು.

ಚಿಂತೆ ಬೇಡ ಎಂಬ ಮಾತು ನನ್ನಂಥವನ ಕಿವಿಗೆ ಬಿದ್ದರೆ ಆಗುವುದು ಒಂದೇ. ವರದಿಯನ್ನು ಮೊದಲು ನಾನು ಓದಬೇಕು, ಓದಿ ಎದೆಯನ್ನು ಗಟ್ಟಿ ಮಾಡಿಕೊಂಡು, ಅವಳಿಗೆ ಮೆತ್ತಗೆ ಹೇಳಬೇಕು ಎಂದು ನಿಶ್ಚಯಿಸಿದೆ. ಅದಕ್ಕೆ ರೈಲಿನಲ್ಲೇ ಇಂಟರ್ನೆಟ್ ಬೇಕು. ಡೇಟಾ ಕಾರ್ಡ್ ಎಂಬ ಹೆಬ್ಬೆರಳಿನ ಗಾತ್ರದ ಪದಾರ್ಥ ಆಗಷ್ಟೇ ಪೇಟೆಗೆ ಬಂದಿತ್ತು. ಅದನ್ನು ಲ್ಯಾಪ್‌ಟಾಪಿನ ಪಕ್ಕೆಗೆ ಚುಚ್ಚಿದರೆ ಓಡುವ ರೈಲಿನಲ್ಲೂ ಪ್ರಪಂಚ ಕಾಣುತ್ತದೆ ಎಂದು ಜಾಹೀರಾತುಗಳು ಸಾರುತ್ತಿದ್ದವು. ಹೆಂಡತಿಯ ಗಂಟಿನ ಬಗ್ಗೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಈ ಕಡ್ಡಿಯ ಬಗ್ಗೆಯಾದರೂ ಮಾಡಬಹುದಿತ್ತು.

ಟಿ. ನಗರದ ಅಂಗಡಿಗಳಿಗೆ ಅಲೆದೆ. ಪ್ರತಿಯೊಂದು ಕಂಪನಿಯ ಗೋಡೆಯ ಮೇಲೂ ಒಂದು ಭಾರತದ ನಕ್ಷೆ, ಆ ನಕ್ಷೆಗೆ ಆಯಾ ಕಂಪನಿಯ ಬಣ್ಣ. ಒಂದರಲ್ಲಿ ದೇಶವೆಲ್ಲ ಕೆಂಪು, ಇನ್ನೊಂದರಲ್ಲಿ ಹಳದಿ, ಮತ್ತೊಂದರಲ್ಲಿ ಬಣ್ಣ ಹೆಚ್ಚಾಗಿ ಬಂಗಾಳ ಕೊಲ್ಲಿಗೂ ಸ್ವಲ್ಪ ಹರಿದಿತ್ತು. ರೈಲುದಾರಿಯ ಕುಪ್ಪಂ ಹತ್ತಿರದ ಗುಡ್ಡಗಳಲ್ಲಿ ಬರುತ್ತದೆಯೇ ಎಂದು ಅಂಗಡಿಯ ಹುಡುಗಿಯನ್ನು ಕೇಳಿದರೆ, "ವರುಂ ಸಾರ್, ಎಲ್ಲಾ ಇಡತ್ತಿಲೂ ವರುಂ," ಎಂದು ನಕ್ಕಳು. ಎಲ್ಲ ಕಡೆಯೂ ಬರುತ್ತದಂತೆ. ಪಕ್ಕದ ಅಂಗಡಿಯಲ್ಲೂ ಅದೇ ಉತ್ತರ, ಹೆಚ್ಚುಕಡಿಮೆ ಅದೇ ನಗು. ಎಲ್ಲ ಕಡೆಯೂ ಬರುವುದು ಎಲ್ಲಿಯೂ ಬಾರದು ಎಂಬ ಅನುಮಾನ ನನ್ನನ್ನು ಹಿಡಿಯಿತು.

ಆಗ ನನ್ನ ಕೈಹಿಡಿದವರು ಐತಾಳರು. ವೇಲಚೇರಿ ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲ್ ನಡೆಸುವ, ಕುಂದಾಪುರದ ಕಡೆಯ ಈ ಹಿರಿಯರ ಕಾಫಿ ನನ್ನ ಸಂಜೆಗಳ ಆಧಾರ. ನನ್ನ ಸಂಕಟ ಕೇಳಿ ಅವರು ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲಿಂದಲೇ ಕೈಯಾಡಿಸಿದರು.

"ಆ ನಕ್ಷೆ ಎಲ್ಲ ಎಂತಕ್ಕೆ ಮಾರಾಯ್ರೆ? ನಿಮ್ಮ ರೈಲಿನ ದಾರಿಯಲ್ಲಿ ಸ್ಟೇಷನ್ನಿಗೊಂದು ನಮ್ಮವರ ಹೋಟ್ಲು ಉಂಟು. ಫೋನ್ ಮಾಡಿ ಕೇಳಿದ್ರೆ ಆಯ್ತಲ್ಲ?"

ಕೇಳಿಯೇಬಿಟ್ಟರು. ಅರಕ್ಕೋಣದಲ್ಲಿ ಸೋದರಳಿಯ, ಕಾಟ್ಪಾಡಿಯಲ್ಲಿ ಭಾವ, ಜೋಲಾರ್‌ಪೇಟೆಯಲ್ಲಿ ಚಿಕ್ಕಪ್ಪನ ಮಗ. ಮೂವರೂ ಒಂದೇ ಕಂಪನಿಯ ಹೆಸರು ಹೇಳಿದರು. "ಫುಲ್ ಉಂಟಂತೆ," ಎಂದು ಐತಾಳರು ಪ್ರತಿ ಸಲ ಫೋನಿಟ್ಟು ಘೋಷಿಸುವಾಗ ನನಗೆ ಕಣ್ಣು ತುಂಬಿ ಬಂತು ಎಂದರೆ ನಗಬೇಡಿ. ಬಂಧುಬಳಗದ ಮುಂದೆ ಯಾವ ನಕ್ಷೆ? ಮಾರನೆಯ ದಿನವೇ ಆ ಕಂಪನಿಯ ಕಾರ್ಡು ಕೊಂಡೆ.

ಕೊಂಡರಾಯಿತೇ, ಅದಕ್ಕೆ ಜೀವ ಬರಬೇಕು. ಭಾವಚಿತ್ರ ಕೊಟ್ಟೆ, ವಿಳಾಸದ ದಾಖಲೆ ಕೊಟ್ಟೆ, ಎರಡು ದಿನ ಕಾದೆ; ಕಾರ್ಡಿನ ಕೆಂಪು ದೀಪ ಕೆಂಪಾಗಿಯೇ ಉಳಿಯಿತು. ಶುಕ್ರವಾರ ಅರ್ಧ ದಿನ ರಜೆ ಹಾಕಿ ಅಂಗಡಿಯಲ್ಲಿ ಟೋಕನ್ ಹಿಡಿದು ಕೂತೆ. ಎರಡು ಗಂಟೆಗೆ ಕೂತವನು ಐದು ಗಂಟೆಗೆ ಹಸಿರು ದೀಪ ಕಂಡು ಎದ್ದೆ. ಮನೆಗೆ ಬಂದಾಗ ಶಾರದೆ ಪ್ರಯಾಣದ ಗಂಟುಮೂಟೆಯ ನಡುವೆಯೂ ನನಗೆ ಪ್ರಿಯವಾದ ಹೀರೇಕಾಯಿ ಬಜ್ಜಿ ಕರಿಯುತ್ತಿದ್ದಳು. "ಬಂತಾ ಹಸಿರು ದೀಪ?" ಎಂದು ಕೇಳಿದಳು. ಆ ಬಜ್ಜಿ ಹಸಿರು ದೀಪದ ಗೌರವಾರ್ಥ ಎಂದೇ ತಿಳಿದು ಎರಡು ಹೆಚ್ಚಾಗಿಯೇ ತಿಂದೆ.

ಶನಿವಾರ ರೈಲು ಹೊರಟಿತು. ತೊಡೆಯ ಮೇಲೆ ಲ್ಯಾಪ್‌ಟಾಪು, ಅದರ ಪಕ್ಕೆಯಲ್ಲಿ ಕಾರ್ಡು. ಪೆರಂಬೂರು ದಾಟುತ್ತಲೇ ಹಸಿರು ಹೋಗಿ ಕೆಂಪು ಬಂತು. ಅರಕ್ಕೋಣದಲ್ಲಿ ರೈಲು ನಿಂತಾಗ ಹಸಿರು ಹೊತ್ತಿತು. ಪುಟ ಅರ್ಧ ತೆರೆಯುವಷ್ಟರಲ್ಲಿ ರೈಲು ಹೊರಟು ಮತ್ತೆ ಕೆಂಪು. ಕಾಟ್ಪಾಡಿಯಲ್ಲೂ ಇದೇ ಪುನರಾವರ್ತನೆ. ಆಗ ನನ್ನ ಮಂಡೆಗೆ ಹೊಳೆಯಿತು: ಐತಾಳರ ಬಂಧುಗಳು ಸುಳ್ಳು ಹೇಳಿರಲಿಲ್ಲ. ಗಲ್ಲಾದ ಮೇಲೆ ಕೂತವರಿಗೆ ಸಿಗ್ನಲ್ ಫುಲ್ಲೇ ಉಂಟು. ರೈಲು ಹೋಟೆಲಿನ ಗಲ್ಲಾದ ಮೇಲೆ ಕೂರುವುದಿಲ್ಲ ಎಂಬುದನ್ನು ಗಮನಿಸಬೇಕಾದವನು ನಾನು. ಕಿಟಕಿಯಾಚೆ ಐತಾಳರ ಭಾವನ ಹೋಟೆಲಿನ ಬೋರ್ಡೂ ಕಾಣಿಸಿತು. ಅದರಲ್ಲಿ ಹೋಟೆಲಿನ ಹೆಸರು ಮೂಲೆಯಲ್ಲಿ ಬೆರಳಗಲ. ಮಿಕ್ಕದ್ದೆಲ್ಲ ಆ ಕಂಪನಿಯ ಹೆಸರು, ಕಂಪನಿಯ ಬಣ್ಣ. ಬೋರ್ಡು ಪುಕ್ಕಟೆ ಬರೆಸಿಕೊಟ್ಟವರ ವಿಷಯದಲ್ಲಿ ಉಂಡ ಮನೆಯ ಜಂತೆ ಎಣಿಸುವ ಜನ ಅವರಲ್ಲ. ಐತಾಳರ ಹೋಟೆಲಿನ ಮುಂದೆಯೂ ಅಂಥದೇ ಬೋರ್ಡಿದೆ. ವರ್ಷದಿಂದ ಅದರ ಕೆಳಗೆ ನಿಂತು ನಾನು ಕಾಫಿ ಕುಡಿಯುತ್ತಿದ್ದೇನೆ.

ನಗಬೇಕಾಗಿತ್ತು, ನಗು ಬರಲಿಲ್ಲ. ಗಂಟೆ ಹತ್ತೂವರೆಯಾಗಿತ್ತು. ಎದುರಿನ ಸೀಟಿನಲ್ಲಿ ಶಾರದೆ ಕಿತ್ತಳೆ ಸುಲಿದು, ನಾರು ತೆಗೆದು, ಒಂದೊಂದೇ ತೊಳೆಯನ್ನು ನನ್ನ ಕೈಗೆ ಇಡುತ್ತಿದ್ದಳು. ನಾನು ಏನು ತಿನ್ನುತ್ತಿದ್ದೇನೆಂದು ನನಗೇ ತಿಳಿಯುತ್ತಿರಲಿಲ್ಲ.

ಜೋಲಾರ್‌ಪೇಟೆಯಲ್ಲಿ ರೈಲು ಯಾಕೋ ಹೆಚ್ಚು ಹೊತ್ತು ನಿಂತಿತು. ಹಸಿರು ದೀಪ ಹೊತ್ತಿ ಆರದೆ ನಿಂತಿತು. ನಮ್ಮ ಮನೆಗೆಲ್ಲ ಒಂದೇ ಇ-ಮೇಲ್ ವಿಳಾಸ, ಒಂದೇ ಪಾಸ್‌ವರ್ಡ್, ಅದನ್ನು ಒತ್ತಿದೆ. ಅಂಚೆಗಳ ಪಟ್ಟಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಿಚ್ಚಿಕೊಂಡಿತು. ಮೂರನೆಯ ಸಾಲಿನಲ್ಲಿ ಡಾಕ್ಟರಮ್ಮನ ಹೆಸರು.

ಓದದೆ ಇರುವ ಅಂಚೆ ದಪ್ಪ ಅಕ್ಷರದಲ್ಲಿರುತ್ತದೆ, ಯಾರಾದರೂ ಒಮ್ಮೆ ತೆರೆದು ಓದಿದರೆ ಅಕ್ಷರ ತೆಳ್ಳಗಾಗುತ್ತದೆ ಎಂಬುದು ನಿಮಗೆ ಗೊತ್ತಿರುವುದೇ. ಡಾಕ್ಟರಮ್ಮನ ಹೆಸರು ತೆಳ್ಳಗಿತ್ತು. ಹೆಸರಿನೆದುರಿಗೆ ಅಂಚೆ ಬಂದ ವೇಳೆ: ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ವರದಿ ಒಂದು ದಿನ ಮೊದಲೇ ಬಂದಿತ್ತು. ಆ ಹೊತ್ತಿನಲ್ಲಿ ನಾನು ಟಿ. ನಗರದಲ್ಲಿ ಟೋಕನ್ ಹಿಡಿದು ಕೂತಿದ್ದೆ. ಮನೆಯಲ್ಲಿ, ತಂತಿಯ ಇಂಟರ್ನೆಟ್ ಇರುವ ಹಳೆಯ ಕಂಪ್ಯೂಟರಿನ ಮುಂದೆ, ಶಾರದೆ ಒಬ್ಬಳೇ ಇದ್ದಳು.

ಒಳ್ಳೆಯ ಸುದ್ದಿ ಅವಳ ಹೊಟ್ಟೆಯಲ್ಲಿ ಐದು ನಿಮಿಷ ನಿಲ್ಲುವುದಿಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ಖಚಿತವಾಗಿ ಬಲ್ಲ ವಿಷಯಗಳಲ್ಲಿ ಇದೊಂದು. ಆದ್ದರಿಂದ ಆ ಅಂಚೆಯನ್ನು ತೆರೆಯದೆಯೇ ಅದರಲ್ಲಿ ಏನಿದೆಯೆಂದು ನನಗೆ ತಿಳಿಯಿತು. ಹೀರೇಕಾಯಿ ಬಜ್ಜಿಯ ಅರ್ಥವೂ ತಿಳಿಯಿತು. ಅವಳು ಕಿತ್ತಳೆಯಿಂದ ಕಣ್ಣೆತ್ತಿ ಕೇಳಿದಳು.

"ಸಿಕ್ತೇನ್ರೀ?"

ಮುಖದಲ್ಲಿ ಏನೂ ಇರಲಿಲ್ಲ. ಏನೂ ಇರದ ಹಾಗೆ ಇಟ್ಟುಕೊಳ್ಳಲು ಅವಳು ಎಷ್ಟು ಕಷ್ಟಪಡುತ್ತಿದ್ದಾಳೆಂದು ಆಗ ಮಾತ್ರ ಕಂಡಿತು. ತಂಗಿಯ ಮಗಳಿಗೆ ನಗುನಗುತ್ತಾ ಧಾರೆ ಎರೆಯಬೇಕು, ಅಲ್ಲಿಯವರೆಗೆ ಈ ಪುಕ್ಕಲ ಗಂಡನಿಗೆ ತಿಳಿಯಬಾರದು ಎಂದು ಲೆಕ್ಕ ಹಾಕಿ ಕೂತಿದ್ದವಳಿಗೆ ನಾನು ಏನು ಹೇಳಲಿ? ಹಸಿರು ದೀಪವನ್ನು ಅಂಗೈಯಿಂದ ಮುಚ್ಚಿದೆ.

"ಇಲ್ಲ ಕಣೇ. ಸಿಗ್ನಲ್ ಇಲ್ಲ."

"ಹೋಗ್ಲಿ ಬಿಡಿ. ಮುಚ್ಚಿಟ್ಟು ಹಣ್ಣು ತಿನ್ನಿ," ಅಂದಳು. ಅವಳ ದನಿಯಲ್ಲಿ ಎಷ್ಟು ನಿರಾಳವಿತ್ತೆಂದರೆ ನನಗೆ ಅಳು ಬಂತು. ಕಿಟಕಿಯ ಕಡೆ ತಿರುಗಿ, ಕಣ್ಣಿಗೆ ಧೂಳು ಬಿತ್ತು ಎಂದೆ. ಅದು ಎರಡನೆಯ ಸುಳ್ಳು.

ಭಾನುವಾರ ಧಾರೆ. ಮದುಮಕ್ಕಳ ಕೈಗಳ ಕೆಳಗೆ ನನ್ನ ಕೈ, ಮೇಲೆ ತೆಂಗಿನಕಾಯಿ, ಅದರ ಮೇಲೆ ಶಾರದೆ ಬೆಳ್ಳಿಯ ಗಿಂಡಿಯಿಂದ ಹಾಲುನೀರು ಎರೆಯಬೇಕು. ಮಂತ್ರ ಮುಗಿಯುವವರೆಗೆ ಧಾರೆ ಕಡಿಯಬಾರದು. ಗಂಟಿದ್ದ ಬದಿಯ ಕೈಯಲ್ಲೇ ಅವಳು ಗಿಂಡಿ ಹಿಡಿದಿದ್ದಳು, ಆ ಕೈ ಕದಲಲಿಲ್ಲ. "ಯಜಮಾನ್ರೇ, ಕೈ ಗಟ್ಟಿಯಾಗಿ ಹಿಡ್ಕೊಳಿ," ಎಂದು ಪುರೋಹಿತರು ಗದರಿದ್ದು ನನ್ನನ್ನು.

ಸೋಮವಾರ ಬಂಗಾರಪೇಟೆಯ ಪ್ಲಾಟ್‌ಫಾರ್ಮಿನಲ್ಲಿ, ನನ್ನ ಪದ್ಧತಿಯಂತೆ ಎರಡು ಗಂಟೆ ಮೊದಲೇ ಬಂದು ಕೂತಿದ್ದೆವು. ಶಾರದೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಾಯಿಬಿಟ್ಟಳು.

"ಏನ್ರೀ, ಒಂದು ವಿಷಯ ಹೇಳ್ತೀನಿ. ಬೈಬಾರ್ದು."

"ಶುಕ್ರವಾರಾನೇ ಬಂದಿತ್ತು, ಅಲ್ವಾ?"

ಅವಳು ನನ್ನನ್ನೇ ನೋಡಿದಳು. "ನಿಮಗೆ ಯಾವಾಗ ಗೊತ್ತಾಯ್ತು?"

"ಜೋಲಾರ್‌ಪೇಟೆಲಿ."

"ಸಿಗ್ನಲ್ ಇಲ್ಲ ಅಂದ್ರಿ!"

"ಅಂದೆ."

ಅವಳಿಗೆ ಮೊದಲು ನಗು ಬಂತು. ಆಮೇಲೆ ಅಷ್ಟು ಜನರ ನಡುವೆ ನನ್ನ ತೋಳಿಗೆ ಹಣೆಯಿಟ್ಟು ಅತ್ತಳು. ಗಂಟು ಒಳ್ಳೆಯದಲ್ಲವೆಂದೂ, ಆದರೆ ಬೇಗ ಸಿಕ್ಕಿಬಿದ್ದಿದೆಯೆಂದೂ, ಶುಕ್ರವಾರವೇ ಡಾಕ್ಟರಮ್ಮನಿಗೆ ಫೋನ್ ಮಾಡಿ ಮಂಗಳವಾರ ಬರುತ್ತೇವೆಂದು ಹೇಳಿಟ್ಟಿರುವುದಾಗಿಯೂ ಅಳುವಿನ ನಡುವೆಯೇ ತಿಳಿಸಿದಳು. ನಾನು ಒಂದು ಕಡ್ಡಿಗೆ ಜೀವ ಬರಿಸಲು ಮೂರು ಗಂಟೆ ಕೂತಿದ್ದಾಗ ಅವಳು ಕರಿಬೇವಿನ ಕುಂಡದ ಪಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಇಷ್ಟೆಲ್ಲ ಏರ್ಪಾಡು ಮಾಡಿದ್ದಳು. ಎದುರು ಮನೆಯವರಿಗೂ ಅಂದೇ ಗೊತ್ತಾಗಿತ್ತಂತೆ. ಎಂದಿನಂತೆ ನಾನೇ ಕೊನೆಯವನು.

ಶಸ್ತ್ರಚಿಕಿತ್ಸೆಯಾಯಿತು, ಔಷಧಿಯ ತಿಂಗಳುಗಳು ಕಳೆದವು, ಉದುರಿದ ಕೂದಲು ಗುಂಗುರಾಗಿ ಹುಟ್ಟಿತು. ಈಗ ಮೂರು ತಿಂಗಳಿಗೊಮ್ಮೆ ಪೋರೂರಿಗೆ ಹೋಗಿ ಬರುತ್ತೇವೆ, ವರದಿ ಇ-ಮೇಲಿನಲ್ಲಿ ಬರುತ್ತದೆ. ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ: ಅದನ್ನು ಯಾರೂ ಒಬ್ಬರೇ ತೆರೆಯಬಾರದು. ಹೋದ ವಾರ ಬಂದದ್ದು ದಪ್ಪ ಅಕ್ಷರದಲ್ಲಿತ್ತು. ಕೂಗಿದೆ. ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತಳು. ಮೌಸಿನ ಮೇಲೆ ನನ್ನ ಕೈ ಇತ್ತು, ಅದರ ಮೇಲೆ ಅವಳ ಕೈ ಬಂತು. ಒತ್ತಿದೆವು. ಎಲ್ಲ ಚೆನ್ನಾಗಿದೆ ಎಂದು ಬರೆದಿತ್ತು.

ನಾನು ಇನ್ನೊಮ್ಮೆ ಓದಿ ಮುಗಿಸುವ ಮೊದಲೇ ಅವಳು ಎದ್ದು ಹೋಗಿ ವನಜಳಿಗೆ ಫೋನ್ ಹಚ್ಚಿಯಾಗಿತ್ತು. ಎರಡು ನಿಮಿಷಕ್ಕೆ ಅಡುಗೆಮನೆಯ ಕಿಟಕಿಯಿಂದ ಕೂಗು ಕೇಳಿಸಿತು. "ರೀ, ಸಿಗ್ನಲ್ ಇಲ್ಲ!" ನಾನು ಎದ್ದು ಹೋಗಿ, ಅವಳಿಗೆ ದಾರಿಯಾಗುವಂತೆ ಕರಿಬೇವಿನ ಕುಂಡವನ್ನು ಪಕ್ಕಕ್ಕೆ ಸರಿಸಿದೆ. ಆ ಮಾತನ್ನು ನಾನು ನಂಬಿದ್ದು ಅದೇ ಮೊದಲು.