ನೇಟಿವ್ ಗಿಡ ಹುಡುಕ್ಕೋತ ಗಚ್ಚಿಬೌಲಿಗೆ

ಐತವಾರ ಮುಂಜಾನಿ ಏಳಕ್ಕ ಅಕ್ಕನ ಮಗಳು ಸವಿತಾನ್ನ ಕರಕೊಂಡು ಮಲ್ಕಾಜ್‌ಗಿರಿಯಾಗ ಬಸ್ಸು ಹತ್ತಿದೆ. ಗಚ್ಚಿಬೌಲಿ ಮೂವತ್ತು ಕಿಲೋಮೀಟರ್ ಹತ್ರ ಹತ್ರ. ಸಿಕಂದರಾಬಾದಿನಾಗ ಬಸ್ಸು ಬದಲಿ ಮಾಡಿ, ಎರಡು ತಾಸು ನಿಂತೇ ಹೋದ್ವಿ. ಬಿಸಲು ಆಗಲೇ ನೆತ್ತಿ ಸುಡಾಕತ್ತಿತ್ತು.

ಹೋಗಿದ್ದು ನನ್ನ ತಪ್ಪಿಗೆ. ಹುಡುಗಿ ಐದನೇ ಕ್ಲಾಸು. ಸಾಲ್ಯಾಗ ನೇಟಿವ್ ಗಿಡ ಐದು, ಪ್ರಾಣಿ ಐದು ಬರಕೊಂಡು ಬರ್ರಿ ಅಂದಿದ್ರು. "ಮಾಮಾ, ನೇಟಿವ್ ಅಂದ್ರೇನು?" ಅಂತ ಕೇಳಿದ್ಲು. ನಾ ದುಡಿಯೋ ಕಟ್ಟಡದ ಸೈಟಿನಾಗ ಎಲ್ಲಾರೂ "ನಿಂದು ನೇಟಿವ್ ಯಾವುದು?" ಅಂತಾರ, ನಾ ಯಾದಗಿರಿ ಅಂತೀನಿ. "ನೇಟಿವ್ ಅಂದ್ರ ನಮ್ಮೂರು" ಅಂದುಬಿಟ್ಟೆ. ಆಕಿ ಜ್ವಾಳ, ತೊಗರಿ, ಶೇಂಗಾ ಬರದ್ಲು. ಟೀಚರ್ ಕೆಂಪು ಗೀಟು ಹೊಡದು ಕ್ಲಾಸಿನ ಹೊರಗ ನಿಲ್ಲಿಸಿದ್ರು. ಯಾರೂ ಹಚ್ಚದ, ಈ ನೆಲದಾಗ ತಾನೇ ಹುಟ್ಟಿದ ಗಿಡ ಬೇಕಂತ. ಪ್ರಾಣಿ ಪುಸ್ತಕದಾಗ ಸಿಕ್ಕಿದ್ವು. ಗಿಡ ಸೋಮವಾರ ತರದಿದ್ರ ಮತ್ತ ಹೊರಗ.

ಎರಡು ವರ್ಷದ ಹಿಂದ ನಾ ಗಚ್ಚಿಬೌಲಿಯಾಗ ಕಲ್ಲಿಗೆ ಡ್ರಿಲ್ ಹೊಡೀತಿದ್ದೆ. ಗುಂಡಗಲ್ಲಿನ ಸಂದ್ಯಾಗೆಲ್ಲ ತಂಗಡಿ ಗಿಡ ಹಳದಿ ಹೂ ಬಿಟ್ಟಿರ್ತಿತ್ತು. ಯಾರೂ ಹಚ್ಚದ ಗಿಡ ಅಂದ ಕೂಡ್ಲೆ ನನಗ ಅದೇ ಜಾಗ ನೆನಪಾಗಿತ್ತು. ಈಗ ಹೋಗಿ ನೋಡಿದ್ರ ಕಲ್ಲೂ ಇಲ್ಲ, ತಂಗಡೀನೂ ಇಲ್ಲ. ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟು ಎದ್ದೈತಿ. ಕಂಪೌಂಡಿನ ಹಿಂದ, ಗಟಾರದ ಬಾಜೂಕ ಒಂದಿಷ್ಟು ಉಳದಿತ್ತು. ತಂಗಡಿ, ಎಕ್ಕಿ, ಉತ್ತರಾಣಿ, ತುಂಬಿ, ಲಕ್ಕಿ. ಐದಾದ್ವು.

"ಇಂಗ್ಲಿಷಿನ್ಯಾಗ ಬರೀಬೇಕು, ಏನಂತಾರ ಮಾಮಾ?"

"ಇಂಗ್ಲಿಷ್ ಬಂದಿದ್ರ ಡ್ರಿಲ್ ಯಾಕ ಹೊಡೀತಿದ್ನೇ?"

ವಾಚ್‌ಮನ್ ಬಡಿಗಿ ಹಿಡಕೊಂಡು ಓಡಿ ಬಂದ. "ಏಯ್, ಇಕ್ಕಡ ಏಂ ಪನಿ? ಪೋ!" ಇಲ್ಲೇನು ಕೆಲಸ, ನಡೀರಿ ಅಂತ ತೆಲುಗಿನ್ಯಾಗ ಗದರಿಸಿದ.

"ಗಟಾರನೂ ನಿಮ್ಮ ಸಾಹುಕಾರಂದೇನಲೇ?" ಅಂದೆ. ಅಂವಗ ಕನ್ನಡ ತಿಳೀಲಿಲ್ಲ, ಬಚಾವಾದೆ.

ನಾಯಿ ಅಡ್ಡಾಡಸಾಕತ್ತಿದ್ದ ಒಬ್ಬರು ಮೇಡಂ ನಮ್ಮ ಗದ್ದಲ ಕೇಳಿ ಬಂದ್ರು. ಮೈಸೂರಿನವರು, ಕಂಪ್ಯೂಟರ್ ಕಂಪನಿಯಾಗ ಕೆಲಸ. "ಅಯ್ಯೋ, ಕನ್ನಡದವ್ರಾ? ಏನಾಗ್ಬೇಕಿತ್ತು?" ಹೇಳಿದೆ. ತಂಗಡಿ ಟೊಂಗಿ ಮುರದು ತೋರಿಸಿದ್ರ, "ಇದು ಏನೋ ಕಳೆ ಅಲ್ವಾ?" ಅಂದ್ರು.

"ನನಗ ಇಂಗ್ಲಿಷ್ ಬರಂಗಿಲ್ಲ, ನಿಮಗ ಗಿಡ ಗೊತ್ತಿಲ್ಲ. ಛಲೋ ಜೋಡಿ ಆತು ಬಿಡ್ರಿ!"

ಅವರು ನಕ್ಕರು. ಮನಸು ಕೆಟ್ಟದಲ್ಲ. "ಒಳಗೆ ಗಾರ್ಡನ್ನಲ್ಲಿ ಎಲ್ಲಾ ಗಿಡಕ್ಕೂ ಹೆಸರಿನ ಬೋರ್ಡ್ ಇದೆ. ಬಾ ಪುಟ್ಟಿ."

ವಾಚ್‌ಮನ್ ಈಗ ಗೇಟು ತಗದು ಸಲಾಂ ಹೊಡದ. ಮೈ ಉರೀತು. ಒಳಗ ಬುಡಕ್ಕೊಂದು ಬೋರ್ಡು, ಇಂಗ್ಲಿಷಿನ್ಯಾಗ. ಸವಿತಾ ನೆಲಕ್ಕ ಕುಂತು ದುಂಡಗ ಐದು ಹೆಸರು ಬರಕೊಂಡ್ಲು. ನೀರು ಬಿಡಾಕತ್ತಿದ್ದ ಮಾಲಿಗೆ, ಇವು ಎಲ್ಲಿವು ಅಂತ ಹಿಂದಿಯಾಗ ಕೇಳಿದೆ. "ಎಲ್ಲಾ ಹೊರದೇಶದ್ದು. ಹೋದ ವರ್ಷ ಲಾರಿಯಾಗ ಬಂದಾವು" ಅಂದ.

"ಸವಿ, ಇವು ಬ್ಯಾಡ. ಗಟಾರದ ಬಾಜೂಕ ಇದ್ದವೇ ಖರೇ ನೇಟಿವ್."

ಆಕಿ ಪುಸ್ತಕ ಎದಿಗೆ ಅವಚಿ ಹಿಡದ್ಲು. "ಹಿಂದಕೂ ನೀ ಹಿಂಗ ಹೇಳಿದ್ದಿ ಮಾಮಾ. ಇಲ್ಲಿ ಬೋರ್ಡ್ ಹಾಕ್ಯಾರ."

ಹೊಳ್ಳಿ ಬರುವಾಗ ಸೀಟು ಸಿಕ್ತು. ಕೈಯಾಗಿನ ತಂಗಡಿ ಟೊಂಗಿ ಸಿಕಂದರಾಬಾದ್ ದಾಟಿದ ಮ್ಯಾಲ ಕಿಡಕಿಯಿಂದ ಒಗದೆ.

ಸೋಮವಾರ ಸಂಜಿಕೆ ಕುಣಕೋತ ಬಂದ್ಲು. ಟೀಚರ್ ಐದಕ್ಕೂ ರೈಟ್ ಹಾಕಿ ವೆರಿ ಗುಡ್ ಅಂತ ಬರದಿದ್ರು.

"ನೋಡು ಮಾಮಾ, ನಿನ್ನ ಮಾತು ಕೇಳಿದ್ರ ಮತ್ತ ಹೊರಗ ನಿಲ್ತಿದ್ದೆ" ಅಂದ್ಲು.