ದವಡೆ ಫೋಟೋದವನು
ಹಲ್ಲಾಸ್ಪತ್ರೆಯ ಎಕ್ಸ್-ರೇ ಮನುಷ್ಯನಿಗೆ ಗಡಿಯಾರದ ಮುಳ್ಳು ಅಲ್ಲಾಡಿದರೂ ಸಿಟ್ಟು. ಯಂತ್ರ ನನ್ನ ತಲೆಯ ಸುತ್ತ ಒಂದು ಸುತ್ತು ಬರುವ ತನಕ ರೆಪ್ಪೆ ಬಡಿದರೂ ಕಿವಿ ಹತ್ತಿರದ ಕೀಲು ಮಸುಕಾಗುತ್ತದಂತೆ, ಡಾಕ್ಟರಿಗೆ ನನ್ನ ನೋವು ಕಾಣುವುದಿಲ್ಲವಂತೆ. "ಗದ್ದ ಇಳಿಸಿ ಅಜ್ಜಿ. ಅಷ್ಟಲ್ಲ! ಉಗುಳು ಆಮೇಲೆ ನುಂಗಿ" ಅಂತ ಗೊಣಗುತ್ತಾ, ಹಲ್ಲಿಲ್ಲದ ನನ್ನ ಬಾಯಿಗೆ ಹತ್ತಿಯುಂಡೆ ಇಟ್ಟು ದವಡೆ ನಿಲ್ಲಿಸುತ್ತಾನೆ. ಚಿತ್ರ ಕೆಟ್ಟರೆ ಮತ್ತೆ ಮೊದಲಿಂದ. ಅವನಿಗೂ ಸಾಕು, ನನಗೂ ಸಾಕು. ಬಾಯಿ ಮುಚ್ಚಿ ಒಂದು ಚಿತ್ರ, ತೆರೆದು ಒಂದು. ನಾವು ರೋಗಿಗಳು ಬಾಯಿ ತೆರೆಯುವಾಗ ಗಾಜಿನಾಚೆ ಅವನೂ "ಆ..." ಅನ್ನುತ್ತಾನೆ, ಮಗುವಿಗೆ ತುತ್ತಿಡುವ ತಾಯಿಯ ಹಾಗೆ. ದಿನವೆಲ್ಲ ಹಾಗೇ. ಮೊನ್ನೆ ಮಧ್ಯಾಹ್ನ ನೋಡಿದರೆ ನನ್ನಂತೆಯೇ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ನುಂಗುತ್ತಿದ್ದ. ಅವನ ದವಡೆಯೂ ಕಟಕಟ ಅನ್ನುತ್ತಿತ್ತು. "ನಿಂದೂ ಒಂದು ಫೋಟೋ ತೆಗೆಸಿಕೊಳ್ಳೋ ಮಗಾ" ಅಂದೆ. "ನಾನು ಒಳಗೆ ನಿಂತರೆ, ಅಲ್ಲಾಡಬೇಡ ಅಂತ ನನಗೆ ಹೇಳೋರು ಯಾರಜ್ಜಿ?" ಅಂದ.